ಅಪ್ಪನ ರಾಕ್ ಅಂಡ್ ರೋಲ್

ಹಳೆಯ ಕ್ಯಾಸೆಟ್ಟಿನ ವಾಸನೆ ಬಂದರೆ ಈಗಲೂ ನನಗೆ ಯಶವಂತನಗರದ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಅದಿರು ಪುಡಿಮಾಡುವ, ಕಿವಿಗಡಚಿಕ್ಕುವ ಕ್ರಷರಿನಲ್ಲಿ ಕೆಲಸಕ್ಕಿದ್ದ. ಹಂಪಿ ಬಜಾರಿನಲ್ಲಿ ಮುದುಕ ಪ್ರವಾಸಿಯೊಬ್ಬ ಕೊಟ್ಟಿದ್ದ ಕ್ಯಾಸೆಟ್ಟಿನ ಹಳೆಯ ರಾಕ್ ಅಂಡ್ ರೋಲ್ ಹಾಡುಗಳೆಂದರೆ ಅವನಿಗೆ ಪ್ರಾಣ. ಒಂದು ಪದವೂ ತಿಳಿಯದಿದ್ದರೂ, “ಏನ್ ಮಸ್ತ್ ಬಾರಿಸ್ಯಾರವಾ!” ಎನ್ನುತ್ತಿದ್ದ. ಆ ವರ್ಷ ದಿನದಿನಕ್ಕೂ ಟೇಪಿನ ಸದ್ದು ಹೆಚ್ಚಿಸುತ್ತಿದ್ದ.

ಅಂದು ಹೊಸ್ತಿಲಲ್ಲಿ ಟೇಪಿಗೆ ಬೆನ್ನು ಮಾಡಿ ಕೂತು, ಕೆಂಪು ಧೂಳು ಮೆತ್ತಿದ ಪಾದದಿಂದ ತಾಳ ಹಾಕುತ್ತಿದ್ದ. ಹಾಡಿನ ನಡುವೆಯೇ ಕರೆಂಟ್ ಹೋಯಿತು. ಅಪ್ಪನ ಕಾಲು ನಿಲ್ಲಲಿಲ್ಲ.

“ಅಪ್ಪಾ, ಹಾಡು ನಿಂತೈತಿ!” ನಗುತ್ತಾ ಕೂಗಿದೆ. ಅವನು ತಿರುಗಲಿಲ್ಲ.

“ಸುಮ್ನಿರವಾ,” ಎಂದಳು ಅವ್ವ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಅವನ ಎದುರಿಗೆ ಕೂತಳು. ಕರೆಂಟ್ ಬರುವವರೆಗೂ ಅವನ ತಾಳಕ್ಕೆ ತಲೆದೂಗುತ್ತಲೇ ಇದ್ದಳು.