ಮಣ್ಣಿಗೆ ಹೋಗದವನು

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ಸರಿಸಿದಾಗಲೇ ತಿಪ್ಪೇರುದ್ರಪ್ಪ ಅದನ್ನು ಮೊದಲ ಸಲ ಕಂಡ. ಎಪ್ಪತ್ತು ದಾಟಿದ ಅಪ್ಪ ಉಚ್ಚೆಂಗಪ್ಪನ ಗುದದಿಂದ ಕರುಳು ಮುಷ್ಟಿಯಷ್ಟು ಹೊರಗೆ ಜಾರಿತ್ತು. ಡಾಕ್ಟರು ಒದ್ದೆ ಬಟ್ಟೆ ಹಿಡಿದು ಮೆಲ್ಲಗೆ ಒಳಗೆ ಒತ್ತಿದರು.

“ಇಷ್ಟು ವರ್ಷ ಯಾರು ಒಳಗೆ ಹಾಕ್ತಿದ್ರು, ಅಜ್ಜಾ?”

“ನನ್ನ ಹೆಂಡ್ತಿ ಕೆಂಚಕ್ಕ. ಈಗಿಲ್ರಿ,” ಉಚ್ಚೆಂಗಪ್ಪ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದ. “ನಾಲ್ಕು ಹೆಜ್ಜೆ ನಡೆದ್ರೆ ಜಾರ್ತೈತೆ. ಆಕಿ ಮಣ್ಣಿಗೂ ಹೋಗೋಕಾಗ್ಲಿಲ್ಲ.”

ಅವ್ವನ ಹೆಣ ಎತ್ತಿದ ದಿನ ಅಪ್ಪ ಹೊಸ್ತಿಲು ದಾಟಿರಲಿಲ್ಲ. “ಕಟ್ಟಿಕೊಂಡೋಳ ಮಣ್ಣಿಗೂ ಬರದ ಕಲ್ಲೆದೆಯವ” ಎಂದು ತಿಪ್ಪೇರುದ್ರಪ್ಪ ತಮ್ಮೂರು ಹದಡಿಯ ಜನರೆದುರೇ ಬೈದಿದ್ದ. ಅಂದಿನಿಂದ ಅಪ್ಪನ ಜತೆ ಮಾತು ಬಿಟ್ಟಿದ್ದ. ಇವತ್ತು ಧೋತರದಲ್ಲಿ ರಕ್ತ ಕಂಡು ಹೆದರಿ ಚಕ್ಕಡಿಯಲ್ಲಿ ಕರೆತಂದಿದ್ದ.

“ಹೊಟ್ಟೆ ಕೊಯ್ದರೆ ಈ ವಯಸ್ಸಿಗೆ ತಾಳಲ್ಲ,” ಅಂದರು ಡಾಕ್ಟರು. “ಕರುಳು ಜಾರದ ಹಾಗೆ ಗುದದ ಸುತ್ತ ಬೆಳ್ಳಿ ತಂತಿ ಹಾಕಿ ಬಿಗೀತೀನಿ. ಆಮೇಲೆ ಚೆನ್ನಾಗಿ ನಡೀಬಹುದು.”

“ಈಗ ನಡೆದು ಎಲ್ಲಿಗೆ ಹೋಗ್ಲಿ ಹೇಳ್ರಿ?” ಅಂದ ಉಚ್ಚೆಂಗಪ್ಪ.

“ಅಪ್ಪಾ” ಎಂದು ಕರೆಯಲು ಮಗ ಬಾಯಿ ತೆರೆದ. ಕರೆಯದೆ, ಡಾಕ್ಟರ ಕೈಯಿಂದ ಒದ್ದೆ ಬಟ್ಟೆಯನ್ನು ತಾನೇ ತೆಗೆದುಕೊಂಡ.