ಆರೂಕಾಲಕ್ಕೆ ಬರುವವನು

ಬೆಳಿಗ್ಗೆ ಆರೂಕಾಲಕ್ಕೆ ಸರಿಯಾಗಿ ಅವನು ಮತ್ತೆ ಬಂದು ಹೋದ.

ಟೈಲರಮ್ಮ ಬಟ್ಟೆಯ ಚೂರಿನಿಂದ ಕನ್ನಡಕ ಒರೆಸಿಕೊಂಡು ಕಂಪ್ಯೂಟರನ್ನು ಇನ್ನೊಮ್ಮೆ ನೋಡಿದಳು. ಕಾಣೆಯಾದ ತಮ್ಮನಿಗಾಗಿ ಅವಳು ತೆರೆದಿದ್ದ ವೆಬ್‌ಸೈಟಿಗೆ ಯಾರು, ಎಷ್ಟು ಹೊತ್ತಿಗೆ, ಯಾವ ದಾರಿಯಿಂದ ಬಂದರೆಂಬುದು ಅಲ್ಲಿ ಕಾಣುತ್ತಿತ್ತು. ಒಬ್ಬನೇ ಒಬ್ಬ. ದೊಡ್ಡಾಸ್ಪತ್ರೆಯ ಪುಟದಿಂದ. ಇಪ್ಪತ್ತಮೂರು ದಿನಗಳಲ್ಲಿ ಒಂದು ದಿನವೂ ತಪ್ಪಿಲ್ಲ.

"ಅವನೇ ಕಣೇ," ಎಂದಳು ಮಗಳಿಗೆ. "ಚಿಕ್ಕಂದಿನಿಂದ್ಲೂ ಕೋಳಿಗಿಂತ ಮುಂಚೆ ಏಳೋನು."

"ಮಾವ ಆಗಿದ್ರೆ ಒಂದು ಸಾಲು ಬರೀತಿರ್ಲಿಲ್ವಾ ಅಮ್ಮ?"

"ಧೈರ್ಯ ಬರಬೇಕಲ್ಲ."

ತಮ್ಮ ಹೋಗಿ ಹನ್ನೊಂದು ವರ್ಷ. ಪುಟದಲ್ಲಿ ಇದ್ದದ್ದು ಸ್ವಲ್ಪವೇ. ಹೊಸ ಪ್ಯಾಂಟು ತೊಟ್ಟು ನಗುತ್ತ ನಿಂತ ಹತ್ತೊಂಬತ್ತರ ಹುಡುಗನ ಒಂದು ಫೋಟೊ, ಮನೆಯಲ್ಲಿ ಉಳಿದದ್ದು ಅದೊಂದೇ. ಎತ್ತರ, ಮೊಣಕಾಲಿನ ಗಾಯದ ಗುರುತು, 'ಕೋಪದಲ್ಲಿ ಮನೆ ಬಿಟ್ಟ' ಎಂಬ ಮಾತು. ಹೆಸರು ಹಾಕಿ ಹುಡುಕಿದರೂ ಅದು ಸಿಗುತ್ತಿರಲಿಲ್ಲ. ಪಟ್ಟಿಯ ತೀರಾ ಕೆಳಗೆ ಬಿದ್ದಿತ್ತು.

ಆಗ ಲಿಂಕಿನವನು ಬರೆದ. ತಾಯಿ ಮಗಳು ಅವನಿಗಿಟ್ಟ ಹೆಸರು ಅದು. ವೆಬ್‌ಸೈಟುಗಳನ್ನು ಹುಡುಕಾಟದಲ್ಲಿ ಮೇಲಕ್ಕೆ ತರುವುದು ತನ್ನ ಕಸುಬು, ನಿಮ್ಮ ಪುಟ ಕಣ್ಣಿಗೆ ಬಿತ್ತು, ಹಣ ಬೇಡ ಎಂದಿದ್ದ. ನೂರು ದಾರಿಹೋಕರು ಕೈತೋರಿದರೂ ಅಷ್ಟೇ, ಎಲ್ಲರೂ ನಂಬುವ ಒಬ್ಬರು ತೋರಿಸಿದರೆ ಸಾಕು ಎಂದು ವಿವರಿಸಿದ್ದ. ದೊಡ್ಡಾಸ್ಪತ್ರೆ, ವಿಶ್ವವಿದ್ಯಾಲಯ, ಹಳೆಯ ಪತ್ರಿಕೆ, ಒಂದೊಂದರ ಪುಟದಲ್ಲೂ ಅವಳ ಪುಟಕ್ಕೆ ಲಿಂಕು ಹಾಕಿಸಿದ. ಈಗ ಹುಡುಕಿದರೆ ಮೊದಲು ಕಾಣುವುದು ತಮ್ಮನ ನಗು.

"ದುಡ್ಡು ತಗೊಳ್ಳದೆ ಯಾರಮ್ಮ ಇಷ್ಟೆಲ್ಲ ಮಾಡ್ತಾರೆ? ಏನೋ ಇದೆ."

"ದೇವರು ಕಳಿಸಿರ್ತಾನೆ."

"ದೇವರೂ ಇಮೇಲ್ ಮಾಡ್ತಾನಾ ಈಗ?"

ಪುಟ ತಿದ್ದಲು ಅವನಿಗೆ ಪಾಸ್‌ವರ್ಡ್ ಕೊಟ್ಟಿದ್ದರು. ಪ್ರತಿ ಶುಕ್ರವಾರ ಅವನಿಂದ ಪತ್ರ ಬರುತ್ತಿತ್ತು. ಯಾವ ಲಿಂಕು ಉಳಿದಿದೆ, ಯಾವುದು ಕಳಚಿದೆ, ಪುಟದಲ್ಲಿ ತಾನು ತಿದ್ದಿದ್ದೇನು. ಬಿಟ್ಟುಹೋದ ಅಕ್ಷರ, ಫೋನಿನ ಅಂಕಿ, 'ಬಲ'ದ ಬದಲು 'ಎಡ', ಇಂಥ ಸಣ್ಣಪುಟ್ಟವು. ಅವಳು ಓದುವ ಗೋಜಿಗೆ ಹೋಗದೆ 'ಆಗಲಿ' ಎನ್ನುತ್ತಿದ್ದಳು. ಕಳೆದ ವಾರ ಮಾತ್ರ ಒಂದು ಪ್ರಶ್ನೆ ಇತ್ತು: "ಕೋಪದಲ್ಲಿ ಎಂದಿದ್ದೀರಿ. ಯಾರ ಕೋಪ?"

ಮೂರು ದಿನ ಅವಳಿಗೆ ಹೊಲಿಗೆ ಸಾಗಲಿಲ್ಲ. ಆಮೇಲೆ ಪುಟದ ಮೇಲೇ ಬರೆಸಿದಳು: "ಕೋಪ ನನ್ನದು. ಈ ಹೊಸಿಲು ಮತ್ತೆ ತುಳಿಯಬೇಡ ಎಂದವಳು ನಾನು."

ಇವತ್ತು ಶುಕ್ರವಾರ. ಪತ್ರವನ್ನು ಮಗಳು ಓದಿ ಹೇಳಿದಳು.

"ಅಕ್ಕ, ಒಂದು ತಪ್ಪು ಒಪ್ಪಿಕೊಳ್ಳಬೇಕು. ದಿನವೂ ಆರೂಕಾಲಕ್ಕೆ ಬರುವವನು ನಾನು. ಲಿಂಕು ಉಳಿದಿದೆಯೇ ಎಂದು ಆಸ್ಪತ್ರೆಯ ಪುಟದಿಂದ ಒತ್ತಿ ನೋಡುತ್ತೇನೆ. ಮೊದಲೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮಿಸಿ."

ಟೈಲರಮ್ಮ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಡೆದಳು. ಅರ್ಧ ಹೊಲಿದ ತೋಳು ಸೂಜಿಯಡಿ ಸಿಕ್ಕಿಕೊಂಡೇ ಇತ್ತು.

"ಮುಚ್ಚಿಬಿಡೇ ಅದನ್ನ."

"ವೆಬ್‌ಸೈಟನ್ನೇ?"

"ಹೂಂ. ಕೊಡಲ್ಲ ಅಂತ ದೇವರು ಹೇಳಿದ್ಮೇಲೆ ಪೀಡಿಸಬಾರದು."

ಅಳಿಸುವ ಮುನ್ನ ಮಗಳು ಕೊನೆಯದಾಗಿ ಗಟ್ಟಿಯಾಗಿ ಓದಿದಳು. "ಎತ್ತರ ಐದಡಿ ಎಂಟಂಗುಲ. ಎಡ ಮೊಣಕಾಲಿನಲ್ಲಿ ಗಾಯದ ಗುರುತು..."

"ಬಲ," ಎಂದಳು ತಾಯಿ. "ಪಟ್ಟಿ ಕಟ್ಟಿದವಳು ನಾನು. ಈ ಕಡೆ."

ಎದ್ದು ಬಲಗೈ ಮುಂದಕ್ಕೆ ಚಾಚಿದವಳು ಹಾಗೆಯೇ ನಿಂತುಬಿಟ್ಟಳು. ಪುಟ್ಟ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಕಟ್ಟಿದ್ದಳು. ಅವಳ ಬಲಕ್ಕಿದ್ದದ್ದು ಅವನ ಎಡ ಮೊಣಕಾಲು. ಗಿರಾಕಿಗಳ ಎದುರು ನಿಂತು ಮೂವತ್ತು ವರ್ಷ ಅಳತೆ ತೆಗೆದವಳು ಇಲ್ಲಿ ಎಡವಿದ್ದಳು.

"ನಾನು ಬಲ ಅಂತಲೇ ಬರೆಸಿದ್ದೆ. ನೀನು ತಿದ್ದಿದ್ಯಾ?"

"ಇಲ್ಲಮ್ಮ. ಲಿಂಕಿನವನು."

ಫೋಟೊದಲ್ಲಿ ಅವಳೇ ಹೊಲಿದ ಪ್ಯಾಂಟು ಎರಡು ಮೊಣಕಾಲನ್ನೂ ಮುಚ್ಚಿ ಪಾದದವರೆಗೆ ಇಳಿದಿತ್ತು.

ಟೈಲರಮ್ಮ ಮಗಳನ್ನು ಸರಿಸಿ ತಾನೇ ಕುಳಿತು, ಒಂದೊಂದೇ ಅಕ್ಷರ ಹುಡುಕಿ, ಲಿಂಕಿನವನಿಗೆ ಉತ್ತರ ಬರೆದಳು: "ಬಾಗಿಲು ತೆಗೆದೇ ಇದೆ. ಬಾರೋ."