ಕೆಂಪು ಪಟ್ಟಿ

"ಬರೀ ಬಣ್ಣ ತಾನೇ? ಪರದೆ ಮೇಲಿನ ಆ ಕೆಂಪು ಪಟ್ಟಿ ಕಣ್ಣಿಗೆ ಚುಚ್ಚುತ್ತೆ, ತೆಗೆದುಬಿಡಮ್ಮಾ," ಎಂದ ಮ್ಯಾನೇಜರ್, ಎಂದಿನಂತೆ ನಿಂತುಕೊಂಡೇ.

ಆಸ್ಪತ್ರೆಯ ಕಂಪ್ಯೂಟರಿನ ಆ ಹಳೇ ಜಾವಾ ಪುಟದಲ್ಲಿ ಯಾರಿಗೆ ಯಾವ ಔಷಧಿ ಒಗ್ಗದೆಂದು ನೋಡುವ ಕೋಡಿನ ಸಾಲುಗಳೂ ಎಚ್ಚರಿಕೆಯ ಪಟ್ಟಿಗೆ ಬಣ್ಣ ಬಳಿಯುವ ಸಾಲುಗಳೂ ಗಂಟುಬಿದ್ದ ನೂಲಿನಂತೆ ಸಿಕ್ಕಾಗಿದ್ದವು. ಬಿಡಿಸಿ ಬೇರೆಬೇರೆ ಇಡೋಣವೆಂದು ಹೇಳಿ ಹೇಳಿ ಪ್ರೋಗ್ರಾಮರ್ ಹುಡುಗಿಯ ಬಾಯಿ ಒಣಗಿತ್ತು. ಇವತ್ತು ವಾದಿಸಲಿಲ್ಲ. ಪರೀಕ್ಷೆಗೆಂದು ಇಟ್ಟ ಪ್ರತಿಯಲ್ಲಿ ಪಟ್ಟಿ ಅಳಿಸಿದಳು. ರೋಗಿಯ ಜಾಗದಲ್ಲಿ ಮ್ಯಾನೇಜರನದೇ ಹೆಸರು ಹಾಕಿದಳು. 'ಒಗ್ಗದ್ದು' ಎಂಬಲ್ಲೂ 'ಕೊಡುವುದು' ಎಂಬಲ್ಲೂ ಹೋದ ತಿಂಗಳು ಅವನ ಮುಖ ಊದಿಸಿದ್ದ ಮಾತ್ರೆ. ಗುಂಡಿ ಒತ್ತಿದಳು.

ಪುಟ ಚೊಕ್ಕವಾಗಿ ಹೇಳಿತು: 'ಕೊಡಬಹುದು.'

"ಈಗ ಕಣ್ಣಿಗೆ ಚುಚ್ಚಲ್ಲ ಅಲ್ವಾ ಸರ್?" ಎಂದಳು, ಸೋತವಳಂಥ ದನಿಯಲ್ಲಿ.

ಅವನು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತ. "ಬಿಡಿಸೋಕೆ ಎಷ್ಟು ದಿನ ಬೇಕಮ್ಮಾ?"